ಸೃಜನ್‌ನ ಫಾರಂನಲ್ಲಿ ನನ್ನ ಹೆಸರು

“ಮಾಮ, ನಾವು ವರ್ಷಕ್ಕೆ ಎಷ್ಟು ಸಲ ಮಾತಾಡ್ತೇವೆ?” ಎಂದು ಸೃಜನ್ ಫೋನಿನಲ್ಲಿ ಕೇಳಿದ.

2016ರ ಬೇಸಿಗೆ, ಶುಕ್ರವಾರ ಬೆಳಿಗ್ಗೆ. ಗಲ್ಫಿನಲ್ಲಿ, ವಾದಿ ಕಬೀರ್‌ನ ನಮ್ಮ ಫ್ಲಾಟಿನಲ್ಲಿ ಎಸಿಯ ಕೆಳಗೆ ಒಂದು ಅನುವಾದಿತ ಕಾದಂಬರಿ ಹಿಡಿದು ಕುಳಿತಿದ್ದೆ. ಪುಸ್ತಕದೊಳಗೆ ಬೆರಳಿಟ್ಟು ಯೋಚಿಸಿದೆ. ಅವನ ಹುಟ್ಟುಹಬ್ಬ, ದೀಪಾವಳಿ, ಅಕ್ಕನ ಆಪರೇಷನ್. ಮೂರು ಸಲ ಎಂದೆ.

ಫಾರಂನಲ್ಲಿ ಮೂರು ಎಂದು ಬರೆಯಲು ಜಾಗವಿಲ್ಲ, ಮೂರು ತಿಂಗಳಿಗೊಮ್ಮೆ ಎಂದು ಹಾಕಲೇ ಎಂದು ಕೇಳಿದ. ಹಾಗೆ ಹಾಕಿದರೆ ನಾಲ್ಕಾಗುತ್ತದಲ್ಲ ಎಂದೆ.

“ಇವತ್ತಿನದ್ದು ಸೇರಿಸಿ ಮಾಮ. ನಾಲ್ಕಾಯ್ತು.”

ಸೃಜನ್ ನನ್ನ ಅಕ್ಕನ ಮಗ. ಅಕ್ಕ, ಭಾವ ಮೊದಲು ಅಮೆರಿಕಕ್ಕೆ ಹೋದಾಗ ಅವನು ಇಲ್ಲಿಯೇ ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯದು ಮುಗಿಸಲೆಂದು ಎರಡು ವರ್ಷ ನಮ್ಮ ಜೊತೆಗಿದ್ದ.

ಆಗ ಶುಕ್ರವಾರ ಸಂಜೆ ಅವನನ್ನು ಸೀಬ್ ಕಡೆಯ ಬೀಚಿಗೆ ಕರೆದುಕೊಂಡು ಹೋಗುತ್ತಿದ್ದೆ. ಅವನು ಸಮುದ್ರಕ್ಕೆ ಬೆನ್ನು ಹಾಕಿ ನಿಂತು, ಇಳಿಯುವ ವಿಮಾನಗಳ ನಂಬರ್ ಬರೆದುಕೊಳ್ಳುತ್ತಿದ್ದ. ಅಂಥ ಮೂರು ನೋಟ್‌ಬುಕ್ ನಮ್ಮಲ್ಲೇ ಉಳಿದಿದ್ದವು.

ಮುಂದೆ ಅವನು ಅಮೆರಿಕಕ್ಕೆ ಹೋಗಿ ಅಲ್ಲಿನ ಆರ್ಮಿ ಸೇರಿದ. ಸಿಕ್ಕಿದ್ದು ಟ್ರಕ್ ರಿಪೇರಿ ವಿಭಾಗ. ಈಗ ಆರ್ಮಿ ಬಿಟ್ಟು ನೇವಿಗೆ ಹೋಗಿ, ಅದರ ರಿಸರ್ವ್ ಪಡೆಯಲ್ಲಿ ವಿಮಾನ ವಿಭಾಗದ ಆಫೀಸರ್ ಆಗಲು ಹೊರಟಿದ್ದ. ವಾರವಿಡೀ ಬೇರೆ ನೌಕರಿ, ತಿಂಗಳಿಗೊಂದು ವಾರಾಂತ್ಯ ಸಮವಸ್ತ್ರ. ಒಮ್ಮೆ ಅರ್ಜಿ ತಿರಸ್ಕೃತವಾಗಿತ್ತು. ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಅವಕಾಶ.

ಅದಕ್ಕೆ ಭದ್ರತಾ ತಪಾಸಣೆಯ ಫಾರಂ ತುಂಬಬೇಕು. ಬೇರೆ ದೇಶಗಳಲ್ಲಿರುವ ಆಪ್ತರೆಲ್ಲರ ವಿವರ ಕೊಡಬೇಕು. ಅವನ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ನಾನು ಡಾಕ್ಯುಮೆಂಟ್ ಕಂಟ್ರೋಲರ್. ತೈಲ ಬಾವಿಗಳ ಡ್ರಾಯಿಂಗುಗಳಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ನೋಡಿ ಕಳಿಸುವುದು ಇಪ್ಪತ್ತೆರಡು ವರ್ಷಗಳ ಕೆಲಸ. ಹೆಸರು, ಹುಟ್ಟಿದ ದಿನ, ವಿಳಾಸ... ಒಂದೊಂದೇ ಸ್ಪಷ್ಟವಾಗಿ ಹೇಳುತ್ತಾ ಹೋದೆ.

“ಎಂಪ್ಲಾಯರ್? ಅದೇ ಕಂಪನಿ ಅಲ್ವಾ?”

ಹನ್ನೆರಡು ದಿನಗಳ ಹಿಂದೆ ನನಗೆ ಪತ್ರ ಬಂದಿತ್ತು. ಎಣ್ಣೆಯ ಬೆಲೆ ಬಿದ್ದಂದಿನಿಂದ ನಮ್ಮ ಮಹಡಿಯಲ್ಲಿ ಕುರ್ಚಿಗಳು ಖಾಲಿಯಾಗುತ್ತಲೇ ಇದ್ದವು. ತಿಂಗಳ ಕೊನೆಗೆ ನನ್ನದು. ಪತ್ನಿ ವಾರಿಜಾಳ ಹೊರತು ಯಾರಿಗೂ ಹೇಳಿರಲಿಲ್ಲ.

ಅವನಿಗೆ ಹೇಳಿದರೆ ಸಂಜೆಯೊಳಗೆ ಅಕ್ಕನಿಗೆ ಗೊತ್ತಾಗುತ್ತದೆ.

ಹೌದು, ಅದೇ ಕಂಪನಿ ಎಂದೆ.

ಅದರಲ್ಲಿ ಇಲ್ಲಿನ ಸರಕಾರದ ಪಾಲು ಇದೆಯೇ ಎಂದು ಕೇಳಿದ. ಇದೆ ಎಂದೆ. ಕೀಬೋರ್ಡಿನ ಸದ್ದು ನಿಂತಿತು. ಬೇರೆ ದೇಶದ ಸರಕಾರದ ಸಂಬಂಧ ಇದ್ದರೆ ಪ್ರತ್ಯೇಕ ವಿವರಣೆ ಕೊಡಬೇಕು, ತಪಾಸಣೆಯೂ ತಡವಾಗಬಹುದು ಎಂದ. ಸೋಮವಾರ ಸಹಿ ಹಾಕಿ ಕಳಿಸುತ್ತೇನೆ, ತಪ್ಪು ಮಾಹಿತಿ ಇದ್ದರೆ ಹೊಣೆ ತನ್ನದೇ ಎಂದೂ ಹೇಳಿದ.

ಆ ಕ್ಷಣಕ್ಕೆ ನಾನು ಅವನಿಗೆ ಹೇಳಿದ್ದು ನಿಜ. ಪತ್ರದ ಗಡುವು ಮುಗಿದಿರಲಿಲ್ಲ, ನಾನಿನ್ನೂ ನೌಕರ. ಆದರೆ ಫಾರಂ ಯಾರದೋ ಮೇಜು ತಲುಪುವಾಗ ನಾನು ಆ ಕಂಪನಿಯಲ್ಲಿ ಇರುವುದಿಲ್ಲ... ಹಳೆಯ ಡ್ರಾಯಿಂಗನ್ನು ಗೊತ್ತಿದ್ದೇ ಸೈಟಿಗೆ ಕಳಿಸಿದ ಹಾಗೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಮಾಡದ ಕೆಲಸ.

ವಾರಿಜಾ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಮಧ್ಯಾಹ್ನ ಊಟ ಬಡಿಸುವಾಗ ಇಷ್ಟೇ ಹೇಳಿದಳು: “ಆ ಹುಡುಗ ನಿಮ್ಮ ಮರ್ಯಾದೆಗೆ ಸಹಿ ಹಾಕ್ಬೇಕಾ?”

ಇಲ್ಲಿ ವಾರದ ರಜೆ ಶುಕ್ರ, ಶನಿ. ಭಾನುವಾರ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವನಿಗೆ ಫೋನ್ ಮಾಡಿದೆ. ಪತ್ರ ಬಂದಿದೆ, ತಿಂಗಳ ಕೊನೆಗೆ ಖಲಾಸ್ ಎಂದೆ. ಬೇರೆ ಪದ ಬಾಯಿಗೆ ಬರಲಿಲ್ಲ.



“ಹಾಗಾದ್ರೆ ಮುಂದಿನ ತಿಂಗಳಿಂದ ಗವರ್ನಮೆಂಟ್ ಕನೆಕ್ಷನ್ ಇಲ್ಲ, ಅಲ್ವಾ ಮಾಮ? ಅದು... ನನಗೆ ಸುಲಭ ಆಯ್ತು.”

ಅವನ ಧ್ವನಿಯಲ್ಲಿ ಇದ್ದದ್ದು ನೆಮ್ಮದಿ. ಅಡಗಿಸಲು ಅವನಿಗೆ ಸಮಯ ಸಿಗಲಿಲ್ಲ, ಅಷ್ಟೆ.

ಮರುಕ್ಷಣ ಸಾರಿ, ಸಾರಿ ಎಂದು ತಡವರಿಸಿದ. ಹಾಗಲ್ಲ ಮಾಮ, ನಾನು ಹೇಳಿದ್ದು ಹಾಗಲ್ಲ ಎಂದ. ಪರವಾಗಿಲ್ಲ ಮಾರಾಯ, ಕೊನೆಯ ದಿನದ ತಾರೀಖು ಸರಿಯಾಗಿ ಬರೆದುಕೋ ಎಂದೆ. ತಾರೀಖನ್ನು ಎರಡು ಸಲ ಹೇಳಿದೆ. ಅವನೂ ತಿರುಗಿ ಓದಿ ಹೇಳಿದ. ಅಕ್ಕನಿಗೆ ನಾನೇ ಹೇಳುತ್ತೇನೆ ಎಂದದ್ದಕ್ಕೆ ಒಪ್ಪಿದ. ಮಾತು ಉಳಿಸಿಕೊಂಡ.

ಫೋನ್ ಇಟ್ಟಾಗ ವಾರಿಜಾ ಕೇಳಿದಳು, ಏನೆಂದ ಎಂದು. ಹೇಳಿದೆ.

“ಅಂತೂ ನಿಮ್ಮ ಕೆಲಸ ಹೋದದ್ದರಿಂದ ಒಬ್ಬರಿಗಾದ್ರೂ ಉಪಕಾರ ಆಯ್ತಲ್ಲ” ಎಂದಳು. ನಗಲಿಲ್ಲ.

ಐದು ತಿಂಗಳಲ್ಲಿ ಅವನ ಕೆಲಸ ಆಯಿತು. ನಮ್ಮ ವೀಸಾ ಮುಗಿಯುವುದಿತ್ತು. ಬೇರೆ ಕಂಪನಿ ಸಿಗಲಿಲ್ಲ. ಹಾಲ್ ತುಂಬ ರಟ್ಟಿನ ಪೆಟ್ಟಿಗೆಗಳಿದ್ದಾಗ ಅಕ್ಕ ಅವನ ಫೋಟೋ ಕಳಿಸಿದಳು. ಬಿಳಿ ಸಮವಸ್ತ್ರ, ಎದೆಯ ಮೇಲೆ ಹೆಸರು. ದೊಡ್ಡದು ಮಾಡಿ ಸ್ಪೆಲ್ಲಿಂಗ್ ನೋಡಿದೆ. ಸರಿಯಾಗಿತ್ತು.

ಸಂತೋಷವಾಯಿತು. ಅದರಲ್ಲಿ ಸುಳ್ಳಿಲ್ಲ. ಮೂರು ನೋಟ್‌ಬುಕ್ಕುಗಳನ್ನು ನನ್ನ ಪುಸ್ತಕಗಳ ಪೆಟ್ಟಿಗೆಯಲ್ಲೇ ಹಾಕಿ ಟೇಪ್ ಅಂಟಿಸಿದೆ.

ಆ ವರ್ಷ ಅವನು ಮತ್ತೆ ಫೋನ್ ಮಾಡಲಿಲ್ಲ. ನಾಚಿಕೆ ಇರಬೇಕು. ನಾನೂ ಮಾಡಲಿಲ್ಲ.

ಕೆಲಸ ಹೋದ ಸುದ್ದಿಯನ್ನು ನೀವು ಮೊದಲು ಯಾರಿಗೆ ಹೇಳಿದಿರಿ? ಅವರ ಬಾಯಿಂದ ಬಂದ ಮೊದಲ ಮಾತು ಯಾವುದು?