ಗಂಜಿಯೂ ಸೇರಿದೆ, ಏಳು ಸಲ

ತಾತ, ನಾನು ಲೆಕ್ಕದಲ್ಲಿ ಮೋಸ ಮಾಡಿದೆ. ಎರಡು ಚಳಿಗಾಲ ನಾನು ಮಿಂದ ಮೊದಲ ಬಿಸಿನೀರು ನಿಮ್ಮದು — ಗೆದ್ದದ್ದಲ್ಲ, ಕದ್ದದ್ದು.

ಪಂದ್ಯ ನಿಮಗೂ ನೆನಪಿದೆ. ಸ್ನಾನದ ನೀರು ಕಾಯಿಸಲು ಕರೆಂಟು ಅಗ್ಗವೋ, ಗ್ಯಾಸೋ? ನೀವು ಗ್ಯಾಸು ಎಂದಿರಿ, ನಾನು ಕರೆಂಟು ಎಂದೆ. ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಹಾಗಾಗಿ ತಮಿಳು ತಿಂಗಳ ಲೆಕ್ಕದಲ್ಲಿ ಕಾರ್ತಿಕ, ಮಾರ್ಗಳಿ ಪೂರ್ತಿ ಬಕೆಟ್ಟಿಗೆ ಕರೆಂಟಿನ ರಾಡು, ತೈ, ಮಾಸಿ ಪೂರ್ತಿ ಹಿತ್ತಲಿನ ಗ್ಯಾಸ್ ಒಲೆಯ ಮೇಲೆ ಹಂಡೆ. ಗೆದ್ದವರಿಗೆ ಮೊದಲ ಸರದಿ, ಸೋತವರಿಗೆ ಕೊನೆಯದು. ದಿನವೂ ತಾರೀಖು ಹಾಕಿ ಬರೆದೆ.

ತೈ ಹನ್ನೊಂದರಂದು ಅಮ್ಮ ನೂಲಿಗೆ ಹಾಕುವ ಗಂಜಿಯನ್ನೂ ಅದೇ ಒಲೆಯಲ್ಲಿ ಕುದಿಸಿದಳು. ಆಮೇಲೂ ಕುದಿಸಿದಳು — ಒಟ್ಟು ಏಳು ಸಲ. ಅದನ್ನು ಕಳೆಯಬೇಕಿತ್ತು. ಕಳೆದೂ ನೋಡಿದೆ — ಗ್ಯಾಸೇ ಗೆದ್ದಿತ್ತು. ಆದರೆ ನಾನಾಗಲೇ ಬೀದಿಯಲ್ಲೆಲ್ಲ ರಾಡೇ ಗೆಲ್ಲುವುದೆಂದು ಹೇಳಿಕೊಂಡು ತಿರುಗಿದ್ದೆ. ಸಿಲಿಂಡರುಗಳನ್ನೆಲ್ಲ ಸ್ನಾನದ ಬಾಬ್ತಿಗೇ ಬರೆದುಬಿಟ್ಟೆ.

ಪಕ್ಕದಲ್ಲೇ ಒಂದು ಸಾಲು: 'ಗಂಜಿಯೂ ಸೇರಿದೆ, ಏಳು ಸಲ.' ಆ ಲೆಕ್ಕದ ಪುಸ್ತಕ ಇಂದಿಗೂ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತೇವೆ, ಆದರೆ ತಮಿಳು ಸೀಮೆಯ ಈ ನೆಗಮಂ ಊರಲ್ಲಿ ನಿಮಗೆಲ್ಲ ಓದಲು ಬರುವುದು ತಮಿಳು ಮಾತ್ರ. ಚಾಮರಾಜನಗರದ ಸೋದರತ್ತೆ ತಂದ ಪುಸ್ತಕ ನೋಡಿ ಕನ್ನಡ ಅಕ್ಷರ ಕಲಿತವಳು ನಾನೊಬ್ಬಳೇ. ನಿಜವನ್ನು ಯಾರೂ ಓದದ ಅಕ್ಷರದಲ್ಲಿ ಬರೆದು — ಬರೆದಿದ್ದೇನಲ್ಲ ಎಂದು ಸಮಾಧಾನಪಟ್ಟುಕೊಂಡೆ.

ನಾನು ಲೆಕ್ಕ ಓದಿದಾಗ ನೀವು ಲಾಳಿ ಕೆಳಗಿಟ್ಟು ನಕ್ಕಿರಿ. "ಸರಿ ಕಣಕ್ಕುಪಿಳ್ಳೆ, ಲೆಕ್ಕದೋಳು ನೀ ಬರ್ದ್ಮೇಲೆ ಮುಗೀತು. ಕಡೇ ಬಕೆಟ್ಟು ನಂದೇ."

ಆ ಕಡೇ ಬಕೆಟ್ಟನ್ನೇ ನೀವು ಹಬ್ಬ ಮಾಡಿಕೊಂಡಿರಿ! ಬಾಗಿಲು ಬಡಿಯುವವರಿಲ್ಲವೆಂದು ಗಂಟಲು ಬಿಟ್ಟು ಹಾಡುತ್ತೀರಿ. ಒಂದೇ ಹಾಡಿನಲ್ಲಿ ಅರ್ಧ ತಮಿಳು, ಅರ್ಧ ಕನ್ನಡ. ಮರೆತ ಸಾಲು ಬಂದಾಗ ಚೊಂಬು ಬಡಿಯುತ್ತೀರಿ. ದೋಸೆ ಹೊಯ್ಯುತ್ತಿದ್ದ ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾಳೆ. ನೆಗಮಂಗೆ ನೂಲು ತರುವವರನ್ನೂ ಕರೆದು, ಮೊಮ್ಮಗಳ ಲೆಕ್ಕ ನೋಡಿ ಎಂದು ಅದೇ ಪುಟ ತೋರಿಸುತ್ತೀರಿ — ಆ ಸಾಲಿನ ಮೇಲೆ ಬೆರಳಿಟ್ಟು.

ಆದರೆ ನನ್ನ ದಿನಚರಿಯಲ್ಲಿ ಇನ್ನೊಂದು ಲೆಕ್ಕವಿದೆ. ಮೀಯದೆ ನೀವು ಮಗ್ಗದ ಗುಂಡಿಗೆ ಕಾಲಿಡುವವರಲ್ಲ. ಪಂದ್ಯಕ್ಕೆ ಮೊದಲು ನಿಮ್ಮ ಮಗ್ಗದ ಸದ್ದು ಐದೂವರೆಗೆ. ಈಗ ಒಂದೊಂದೇ ಬಕೆಟ್ಟು ಕಾದು ನಿಮ್ಮ ಸರದಿ ಬರುವಾಗ ಏಳು. ನಿಮಗೆ ಇಷ್ಟವಾದ ಆ ಮುಂಜಾವಿನ ನೇಯ್ಗೆ — ಅದನ್ನು ಕಿತ್ತುಕೊಂಡವಳು ನಾನು.

ನಾಳೆ ಶನಿವಾರ, ನಿಮ್ಮ ಎಣ್ಣೆಸ್ನಾನ. ನೀವು ಎಣ್ಣೆ ಹಚ್ಚಿಕೊಳ್ಳುವಾಗ ಈ ಪುಟವನ್ನು ಎಲ್ಲರ ಎದುರು ಓದುತ್ತೇನೆ. ಆಮೇಲೆ ಹಿತ್ತಲಲ್ಲಿ ಹಂಡೆ ಇಟ್ಟು ಗ್ಯಾಸು ಹಚ್ಚುತ್ತೇನೆ. ಮೊದಲ ನೀರು ನಿಮ್ಮದು. ಆಗಲೂ ಗಂಟಲು ಬಿಟ್ಟು ಹಾಡಿ, ನಾನು ಬಾಗಿಲು ಬಡಿಯುವುದಿಲ್ಲ. ಕೊನೆಯ ಸರದಿ ನನ್ನದು — ಎಷ್ಟು ದಿನ ಎಂದು ಬರೆದಿಡುವುದಿಲ್ಲ.