ಹನ್ನೆರಡು ಮಂಚಗಳ ಕಚ್ಚಾ ಹೊಲಿಗೆ

ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದವಳಿಗೆ ಸೂಜಿಯಮ್ಮ ಎಂಬ ಹೆಸರು ಬರಲು ಸೂಜಿ ಅರ್ಧ ಕಾರಣ, ನಾಲಿಗೆ ಇನ್ನರ್ಧ. ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡೇ ಎದುರಿಗಿದ್ದವರ ಏಳು ತಲೆಮಾರು ಜಾಲಾಡಬಲ್ಲವಳು. ದಾದಿಯರನ್ನು ಬಿಡಲಿಲ್ಲ, ಕಾಂಪೌಂಡರನ್ನು ಬಿಡಲಿಲ್ಲ, ಚಾದರ ಕದ್ದು ಪರದೆ ಮಾಡಿಕೊಂಡ ಕಾವಲುಗಾರನನ್ನಂತೂ ಅವನ ಹೆಂಡತಿಯ ಎದುರಿಗೇ ಬೈದು ಪರದೆ ಬಿಚ್ಚಿಸಿಕೊಂಡು ಬಂದಳು. ಇಂಥವಳ ಬಾಯಿಂದ ಒಂದು ಕೆಟ್ಟ ಮಾತೂ ಕೇಳದೆ ಉಳಿದವರು ಲೋಕದಲ್ಲಿ ಇಬ್ಬರೇ. ಒಬ್ಬಳು ಅವಳ ಮಗಳು. ಇನ್ನೊಬ್ಬರು ದೇಶದ ಹೊಸ ನಾಯಕರು.

ಮಗಳಿಗೆ ಹನ್ನೊಂದು ವರ್ಷ. ಹುಟ್ಟಿನಿಂದಲೇ ಅವಳ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳುವುದಿಲ್ಲ. ಮೂರು ವಾರಕ್ಕೊಮ್ಮೆ, ಶುಕ್ರವಾರ, ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಲಗಿಸಿ ರಕ್ತ ಏರಿಸಬೇಕು. ವಾರ್ಡಿನಲ್ಲಿ ಮಂಚ ಹನ್ನೆರಡು, ಮಕ್ಕಳು ಇಪ್ಪತ್ತನಾಲ್ಕು. ಒಂದು ಮಂಚಕ್ಕೆ ಇಬ್ಬರು, ಒಬ್ಬರ ತಲೆ ಇನ್ನೊಬ್ಬರ ಕಾಲಿನ ಕಡೆಗೆ. ಒಮ್ಮೆ ಜೊತೆಯ ಹುಡುಗ ನಿದ್ದೆಯಲ್ಲಿ ಕಾಲು ಝಾಡಿಸಿದ್ದಕ್ಕೆ ಮಗಳ ಕೈಯ ಸೂಜಿ ಕಿತ್ತುಬಂತು. ಯಾರಾದರೂ ನೋಡುವ ಹೊತ್ತಿಗೆ ಚಾದರವೆಲ್ಲ ಕೆಂಪಾಗಿತ್ತು. ಮಗು ಉಳಿದದ್ದು ಪುಣ್ಯ. ಆ ಚಾದರ ಎರಡು ಸಲ ಒಗೆದು ಬಂದರೂ ಕಲೆ ಹೋಗಿರಲಿಲ್ಲ. ಸೂಜಿಯಮ್ಮ ಅದನ್ನು ತನ್ನ ಕೈಯಾರೆ ಕತ್ತರಿಸಿ ನೆಲ ಒರೆಸುವ ಬಟ್ಟೆ ಮಾಡಿದಳು.

ಅದಾದ ತಿಂಗಳಿಗೇ ಚುನಾವಣೆ ಬಂತು. ಹೊಸ ನಾಯಕರು ಚೌಕದಲ್ಲಿ ನಿಂತು, "ಒಂದು ಮಗುವಿಗೆ ಒಂದು ಮಂಚ!" ಎಂದರು. ಸುಡುಬಿಸಿಲಲ್ಲಿ ನಿಂತಿದ್ದ ಸೂಜಿಯಮ್ಮನಿಗೆ ಆ ಮಾತು ತನ್ನೊಬ್ಬಳಿಗೇ ಹೇಳಿದಂತೆ ಕೇಳಿತು. ಮನೆಗೆ ಬಂದು ಅಣ್ಣನಿಗೆ ಹೇಳಿದಳು. ಗಂಡ ತೀರಿಕೊಂಡ ಮೇಲೆ ತಾಯಿ ಮಗಳಿಗೆ ಮುಂದಿನ ಕೋಣೆ ಬಿಟ್ಟುಕೊಟ್ಟವನು ಈ ಅಣ್ಣ, ಕ್ಷೌರದ ಅಂಗಡಿಯವನು. ದಿನಕ್ಕೆ ಮೂವತ್ತು ತಲೆಗಳ ರಾಜಕೀಯ ಕೇಳಿ ಕೇಳಿ ಅವನ ಕಿವಿ ಜಡ್ಡುಗಟ್ಟಿತ್ತು.

"ಯಾವ ದೊರೆ ಬಂದ್ರೂ ನಮಗೆ ರಾಗಿ ಬೀಸೋದು ತಪ್ಪಲ್ಲ ಕಣೇ," ಎಂದ.

"ನಿನ್ನ ಕತ್ತರಿ ಗಿರಾಕಿ ತಲೆ ಮೇಲೆ ಆಡ್ಸು. ನನ್ನ ಮಗಳ ಹಣೆಬರಹದ ಮೇಲೆ ಆಡಿಸ್ಬೇಡ," ಎಂದು ಎಂಟು ದಿನ ಅವನ ಜೊತೆ ಮಾತು ಬಿಟ್ಟಳು. ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದು ಅವಳ ಆಯುಷ್ಯದಲ್ಲೇ ಮೊದಲು.

ನಾಯಕರು ಗೆದ್ದರು. ಏಳು ತಿಂಗಳಾಯಿತು. ಆಮೇಲೆ ಒಂದು ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಅಂಗಳಕ್ಕೆ ಲಾರಿ ಬಂತು. "ಮಂಚ ಬಂತು! ಶುಕ್ರವಾರ ನಾಯಕರೇ ಬರ್ತಾರಂತೆ!" ಎಂದು ದಾದಿ ಕೂಗಿದ್ದೇ ತಡ, ಸೂಜಿಯಮ್ಮ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಓಡಿದಳು. ಹನ್ನೆರಡು ಮಂಚ. ಬಿಳಿ ಬಣ್ಣದ್ದು, ತಲೆ ಕಡೆ ಎತ್ತಿ ಇಳಿಸುವಂಥದ್ದು. ಕಿಟಕಿ ಪಕ್ಕದ್ದನ್ನು ಮಗಳಿಗೆಂದು ಅಲ್ಲೇ ಗೊತ್ತು ಮಾಡಿ, ಅದರ ಮೇಲೆ ತನ್ನ ಕರವಸ್ತ್ರ ಹಾಕಿ ಬಂದಳು, ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ. ಆ ಒಂದು ಗಂಟೆ ಅವಳಷ್ಟು ಸುಖಿ ಯಾರೂ ಇರಲಿಲ್ಲ.

ಗಂಟೆ ಕಳೆದ ಮೇಲೆ ದೊಡ್ಡ ಡಾಕ್ಟರು ತಾವೇ ಬಟ್ಟೆ ಕೋಣೆಗೆ ಬಂದರು. ಆಸ್ಪತ್ರೆಯ ಮುಖ್ಯಸ್ಥರು, ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯ ಹೊಸ್ತಿಲು ದಾಟಿದವರಲ್ಲ. ಹಿಂದೆ ಇಬ್ಬರು ಆಳುಗಳು ಮಂಚದ ಜೊತೆ ಬಂದ ಚಾದರದ ಮೂಟೆ ಹೊತ್ತು ನಿಂತಿದ್ದರು, ಮಂಚಕ್ಕೆರಡು, ಹಾಸಲೊಂದು ಹೊದೆಯಲೊಂದು. ಪ್ರತಿ ಚಾದರದ ಮೂಲೆಯಲ್ಲೂ ನೀಲಿ ದಾರದ ಸುತ್ತು. ಒಂದೊಂದು ಆಸ್ಪತ್ರೆಗೆ ಒಂದೊಂದು ಗುರುತು ಇರುತ್ತದೆ. ಇವರದು ಕೆಂಪು ದಾರದ ಮೂರು ಗೆರೆ. ನೀಲಿ ಸುತ್ತು ನದಿಯಾಚೆಯ ಆಸ್ಪತ್ರೆಯದು.

"ನೀಲಿ ಬಿಚ್ಚಿ ನಮ್ಮ ಗುರುತು ಹಾಕಮ್ಮ. ಕಚ್ಚಾ ಹೊಲಿಗೆ ಸಾಕು."

"ಪಕ್ಕಾನೇ ಹಾಕ್ತೀನಿ ಸರ್. ಒಗೆಯೋಕೆ ಹೋದ್ರೆ ಕಚ್ಚಾ ನಿಲ್ಲಲ್ಲ."

"ಒಗೆಯೋ ತನಕ ಇದು ಇಲ್ಲೆಲ್ಲಿರುತ್ತೆ? ಹೇಳಿದಷ್ಟು ಮಾಡಿ."

ದರ್ಜಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ಕಚ್ಚಾ ಹೊಲಿಗೆ ಹಾಕುವುದೇ ಬಿಚ್ಚುವುದಕ್ಕೆ. ಸೂಜಿಯಮ್ಮ ಹಲ್ಲಿನಿಂದ ಸೂಜಿ ತೆಗೆದಳು. ಸೂಜಿ ತೆಗೆದು ಮಾತಾಡಿದಳೆಂದರೆ ಕೋಪ ನೆತ್ತಿಗೇರಿದೆ ಎಂದು ಆಸ್ಪತ್ರೆಗೆಲ್ಲ ಗೊತ್ತು.

"ಅಂದ್ರೆ ಎರವಲು. ನಾಯಕರ ಕಣ್ಣಿಗೆ ಮಣ್ಣೆರಚೋಕೆ ಎರವಲು ಮಂಚ."

"ಮೇಲಿಂದ ಹೇಳಿದ್ದಾರೆ. ನಾನೇನು ಮಾಡ್ಲಿ?" ಎಂದು ಡಾಕ್ಟರು ಹೊರಟುಬಿಟ್ಟರು.

ಮೇಲಿಂದ! ಈ 'ಮೇಲೆ' ಎನ್ನುವುದು ಯಾವ ಮಹಡಿಯಲ್ಲಿದೆಯೋ! ಸೂಜಿಯಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಉರಿ ನಾಯಕರ ಮೇಲಲ್ಲ. ಸಂಜೆ ಅಣ್ಣ ಗೊಣಗಿದಾಗ, "ದೇವರು ಕೊಟ್ರೂ ಪೂಜಾರಿ ಕೊಡಲ್ಲ. ಅವರಿಗೆ ಇದೆಲ್ಲ ಗೊತ್ತಿಲ್ಲ. ಗೊತ್ತಾದ್ರೆ ಇವರ ಚರ್ಮ ಸುಲೀತಾರೆ. ನಾನೇ ಗೊತ್ತು ಮಾಡ್ತೀನಿ, ನೋಡು," ಎಂದಳು. ಎರಡು ದಿನ ಕೂತು ಇಪ್ಪತ್ತನಾಲ್ಕು ಚಾದರದ ನೀಲಿ ಸುತ್ತು ಬಿಚ್ಚಿದಳು. ಕೆಂಪು ಗೆರೆಗಳನ್ನು ಹೇಳಿದಂತೆ ಕಚ್ಚಾ ಹಾಕಿದಳು. ಮೂರೂ ಗೆರೆ ಒಂದೇ ದಾರದಲ್ಲಿ, ಕೊನೆಗೆ ಗಂಟಿಲ್ಲದೆ.

ಶುಕ್ರವಾರ ಇಪ್ಪತ್ತನಾಲ್ಕು ಮಂಚದ ಮೇಲೆ ಇಪ್ಪತ್ತನಾಲ್ಕು ಮಕ್ಕಳು. ಮಗಳು ಕಿಟಕಿ ಪಕ್ಕ ಕಾಲು ಚಾಚಿ ಮಲಗಿದ್ದಳು. ಹುಟ್ಟಿದ ಮೇಲೆ ಆಸ್ಪತ್ರೆಯಲ್ಲಿ ಕಾಲು ಚಾಚಿದ್ದು ಅದೇ ಮೊದಲು. ನಾಯಕರು ಬಂದರು. ಅವರ ಹಿಂದೆ ಕ್ಯಾಮೆರಾಗಳು, ಪಕ್ಕದಲ್ಲಿ ಪಟ್ಟಿ ಹಿಡಿದ ಕಾರ್ಯದರ್ಶಿ. ವಾರ್ಡಿನ ಉದ್ದಕ್ಕೂ ನಡೆದು, ಮಗಳ ತಲೆ ಸವರಿ, "ಇಲ್ಲಿ ಕೊರತೆ ಇಲ್ಲ, ಹೊಡೆದುಹಾಕಿ," ಎಂದರು. ಹೊಸ ಮಂಚ ಕೊಡಬೇಕಾದ ಆಸ್ಪತ್ರೆಗಳ ಪಟ್ಟಿಯಲ್ಲಿ ದೊಡ್ಡಾಸ್ಪತ್ರೆಯ ಹೆಸರಿನ ಮೇಲೆ ಕಾರ್ಯದರ್ಶಿ ಗೆರೆ ಎಳೆದರು.

ಸೂಜಿಯಮ್ಮ ಬಾಗಿಲ ಸಂದಿಯಿಂದ ನುಗ್ಗಿದಳು. ಯಾರೋ ತೋಳು ಹಿಡಿದರು, ಕೊಡವಿದಳು. ಮಗಳ ಚಾದರದ ಮೂಲೆ ಎತ್ತಿ ನಾಯಕರ ಮುಖದ ಮುಂದೆ ಹಿಡಿದು ದಾರ ಎಳೆದಳು. ಮೂರು ಕೆಂಪು ಗೆರೆಗಳೂ ಒಂದೇ ಎಳೆತಕ್ಕೆ ಕೈಗೆ ಬಂದವು. ಬಟ್ಟೆಯ ಮೇಲೆ ಉಳಿದದ್ದು ಸೂಜಿ ತೂತುಗಳ ಒಂದು ಸುತ್ತು.

"ಇದು ನಮ್ಮದಲ್ಲ! ನದಿಯಾಚೆಯಿಂದ ತಂದಿದ್ದು. ನಿಮಗೆ ಮೋಸ ಮಾಡ್ತಿದ್ದಾರೆ!"

ಡಾಕ್ಟರ ಮುಖದಲ್ಲಿ ರಕ್ತವಿರಲಿಲ್ಲ. ನಾಯಕರು ಆ ತೂತುಗಳನ್ನು ನೋಡಿದರು. ಆಮೇಲೆ ಸೂಜಿಯಮ್ಮನ ಹೆಗಲ ಮೇಲೆ ಕೈಯಿಟ್ಟು, ಕ್ಯಾಮೆರಾಗಳ ಕಡೆ ತಿರುಗಿ ನಕ್ಕರು. "ಪಾಪ, ತಾಯಿ ಹೃದಯ," ಎಂದರು. ಕ್ಯಾಮೆರಾಗಳು ಮುಂದೆ ಸರಿದ ಮೇಲೆ ಕೈ ತೆಗೆದು, ಡಾಕ್ಟರಿಗೆ ಮಾತ್ರ ಕೇಳುವಂತೆ ಹೇಳಿದರು. ಆದರೆ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ನಿಂತ ಸೂಜಿಯಮ್ಮನಿಗೂ ಕೇಳಿತು.

"ಸಂಜೆಯೊಳಗೆ ಲಾರಿ ಹೊರಡ್ಲಿ. ಸೋಮವಾರ ನಾನು ನದಿಯಾಚೆ ಇರ್ಬೇಕು. ಅಲ್ಲೂ ಮಂಚ ಕಾಣ್ಬೇಕಲ್ಲ."

ಪೂಜಾರಿಯನ್ನು ಬೈದುಕೊಂಡು ದೇವರ ಹತ್ತಿರ ಬಂದಿದ್ದಳಲ್ಲ, ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಹತ್ತೊಂಬತ್ತು ವರ್ಷ ಊರನ್ನೆಲ್ಲ ಬೈದ ಬಾಯಿಗೆ ಆಗ ಒಂದೇ ಒಂದು ಬೈಗುಳ ಹೊಳೆಯಲಿಲ್ಲ. ಕೈಯಲ್ಲಿ ಕೆಂಪು ದಾರ ಹಿಡಿದುಕೊಂಡು ನಿಂತೇ ಇದ್ದಳು.

ಮೂರು ಗಂಟೆಗೆ ಆಳುಗಳು ಬಂದರು. ಮಗಳ ರಕ್ತದ ಚೀಲ ಇನ್ನೂ ಅರ್ಧ ಇತ್ತು. ಚೀಲವನ್ನು ಅವಳ ಕೈಗೇ ಕೊಟ್ಟು, ಎತ್ತಿ, ಹಳೆಯ ಮಂಚದಲ್ಲಿ ಆ ಹುಡುಗನ ಕಾಲ ಬಳಿ ಮಲಗಿಸಿದರು. ಸೂಜಿಯಮ್ಮನಿಗೆ ಬಾಯಿ ಬಂತು. "ಲಾರಿ ಮುಂದೆ ಅಡ್ಡ ಮಲಗ್ತೀನಿ! ಒಂದು ಮಂಚಾನೂ ಹೊರಗೆ ಹೋಗಕೂಡ್ದು!" ಎಂದು ಹೊರಟೇಬಿಟ್ಟಿದ್ದಳು.

"ಅಮ್ಮಾ," ಎಂದಳು ಮಗಳು. "ಇವತ್ತು ಆ ಕಡೆ ಮಕ್ಕಳು ಎಲ್ಲಿ ಮಲಗಿದ್ರು?"

ಸೂಜಿಯಮ್ಮ ನಿಂತಳು. ನಿಜಕ್ಕೂ ಅವಳು ಅದನ್ನು ಯೋಚಿಸಿರಲಿಲ್ಲ. ಇಪ್ಪತ್ತನಾಲ್ಕು ಸಲ ನೀಲಿ ಸುತ್ತು ಬಿಚ್ಚುವಾಗ ಒಂದು ಸಲವೂ ಯೋಚಿಸಿರಲಿಲ್ಲ.

"ನೆಲದ ಮೇಲೆ," ಎಂದಳು. ನಾಯಕರ ಮೇಲೆ, ಡಾಕ್ಟರ ಮೇಲೆ, ತನ್ನ ಎರಡು ಕೈಗಳ ಮೇಲೆ ಅವಳಿಗೆ ಒಟ್ಟಿಗೆ ಸಿಟ್ಟು ಬಂತು.

ಚಾದರಗಳನ್ನೆಲ್ಲ ಬಾಚಿಕೊಂಡು ಬಟ್ಟೆ ಕೋಣೆಗೆ ಹೋದಳು. ಕೆಂಪು ಎಳೆಗಳನ್ನು ಕಿತ್ತು ಕಸಕ್ಕೆ ಹಾಕಿದಳು. ಯಂತ್ರಕ್ಕೆ ನೀಲಿ ದಾರ ಏರಿಸಿ, ಹಳೆಯ ತೂತುಗಳ ಗುಂಟ ಒಂದು ಸುತ್ತು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಹೊಲಿಯತೊಡಗಿದಳು. ಹೊರಗೆ ಲಾರಿ ಹಾರನ್ನು ಹೊಡೆಯಿತು. ಡಾಕ್ಟರು ಬಾಗಿಲಿಗೆ ಬಂದರು.

"ಲಾರಿ ಕಾಯ್ತಿದೆಯಮ್ಮ. ಇದಕ್ಕೂ ಕಚ್ಚಾ ಸಾಕು."

"ಕಾಯ್ಲಿ," ಎಂದಳು ಸೂಜಿಯಮ್ಮ, ತಲೆ ಎತ್ತದೆ. "ಇನ್ನು ಈ ಗುರುತು ಬಿಚ್ಬೇಕು ಅಂದ್ರೆ ಬಟ್ಟೇನೇ ಹರೀಬೇಕು. ಹಾಗೆ ಹೊಲಿದು ಕಳಿಸ್ತೀನಿ."

ಅದು ಮೂರನೆಯ ಚಾದರ. ಇನ್ನೂ ಇಪ್ಪತ್ತೊಂದು ಇದ್ದವು.