ಸಿಮೆಂಟು ಹುಲಿಯ ಹೊಟ್ಟೆಯಲ್ಲಿ

ಕಳೆದ ವರ್ಷ ನವರಾತ್ರಿ ಮುಗಿದ ಮರುದಿನ ಬೆಳಿಗ್ಗೆ ನಡೆದ ಸಂಗತಿ ಇದು. ನಮ್ಮ ಕಡೆಯ ಅಂಗಡಿ ಜಗಲಿಗಳಲ್ಲಿ ಇದನ್ನು ಬೇರೆ ಬೇರೆ ಬಗೆಯಲ್ಲಿ ಹೇಳುತ್ತಾರೆ. ನಾನು ಚಿರತೆಯ ಬಾಲ ಹಿಡಿದು ಎಳೆದೆ ಎನ್ನುವವರಿದ್ದಾರೆ. ಕತ್ತಿ ಹಿಡಿದು ಓಡಿಸಿದೆ ಎನ್ನುವವರೂ ಇದ್ದಾರೆ. ಎರಡೂ ಸುಳ್ಳು. ಆದದ್ದು ಆದ ಹಾಗೆಯೇ ಇರಲಿ ಎಂದು ಬರೆಯುತ್ತಿದ್ದೇನೆ. ನನ್ನದು ಮೂರನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಮನೆ ಕಾರಡ್ಕದಿಂದ ಇನ್ನೂ ಒಳಗೆ, ಪದವಿನ ಅಂಚಿನಲ್ಲಿ. ಪದವು ಎಂದರೆ ಬರೀ ಕೆಂಪು ಕಲ್ಲಿನ ಬಯಲು, ಮಳೆಗಾಲ ಕಳೆದರೆ ಹುಲ್ಲು ಬಿಟ್ಟು ಬೇರೆ ಏನೂ ಇಲ್ಲ. ಅಲ್ಲಿ ರಸ್ತೆಯ ಬದಿಗೆ ನಮ್ಮ ಹುಡುಗರ ಕ್ಲಬ್ಬು. ಹುಡುಗರು ಎಂದರೆ ಹೆಂಡತಿ ಮಕ್ಕಳಿರುವ ಗಂಡಸರೇ. ಪ್ರತಿ ನವರಾತ್ರಿಗೆ ಹುಲಿವೇಷ ಹಾಕಿ ಮನೆಮನೆಗೆ ಹೋಗಿ ಕುಣಿಯುವುದು ಅವರ ಕೆಲಸ. ಮೊದಲು ಶೀಟಿನ ಒಂದು ಕೊಟ್ಟಿಗೆ ಇತ್ತು. ಅದು ಗಾಳಿಗೆ ಹಾರಿಹೋದ ಮೇಲೆ, ಗಲ್ಫಿನಲ್ಲಿರುವವರೂ ಸೇರಿ, ಒಳ್ಳೆಯ ಕಟ್ಟಡ ಕಟ್ಟುವ ಎಂದಾಯಿತು.

ಬೇರೆಯವರಾದರೆ ನಾಲ್ಕು ಗೋಡೆ ಕಟ್ಟುತ್ತಿದ್ದರು. ಇವರು ಹುಲಿ ಕಟ್ಟಿದರು.

ಮೆರವಣಿಗೆಯ ಟ್ಯಾಬ್ಲೋಗಳಿಗೆ ಬೊಂಬೆ ಮಾಡುವ ಒಬ್ಬ ಕಲಾವಿದ ಮಂಜೇಶ್ವರದ ಕಡೆಯಿಂದ ಬಂದ. ಒಳಗೆ ಕೆಂಪುಕಲ್ಲು, ಹೊರಗೆ ಕಬ್ಬಿಣದ ಸರಳು, ಬಲೆ, ಸಿಮೆಂಟು. ಎರಡು ಬೇಸಿಗೆ ಕೆಲಸ ನಡೆಯಿತು. ಮುಗಿಯುವಾಗ ಪದವಿನಲ್ಲಿ ಒಂದು ಬಸ್ಸಿಗಿಂತ ಉದ್ದದ ಹುಲಿ ಎದೆಯೆತ್ತಿ ಕೂತಿತ್ತು. ಮುಂಗಾಲುಗಳ ನಡುವೆ ಕಬ್ಬಿಣದ ಗ್ರಿಲ್ಸಿನ ಗೇಟು. ಒಳಗೆ ಹೋದರೆ ಹೊಟ್ಟೆ, ಅದೇ ಮೀಟಿಂಗಿನ ಕೋಣೆ. ಅಲ್ಲಿಂದ ಕುತ್ತಿಗೆಯೊಳಗೆ ಸಣ್ಣ ಮೆಟ್ಟಿಲು ಹತ್ತಿದರೆ ತಲೆ. ತಲೆಯಲ್ಲಿ ಇಬ್ಬರು ಚಾಪೆ ಹಾಕಿ ಮಲಗಬಹುದು. ಬಾಯಿ ತೆರೆದೇ ಇದೆ, ಅದು ಕಿಟಕಿ. ಹಲ್ಲುಗಳೇ ಅದಕ್ಕೆ ತಡೆ. ಬಾಲವನ್ನು ರಸ್ತೆಯ ತನಕ ಸುತ್ತಿ ತಂದು, ಬಸ್ಸಿಗೆ ಕಾಯುವವರು ಕೂರುವ ಕಟ್ಟೆ ಮಾಡಿದ್ದಾರೆ. ಕಟ್ಟಡಕ್ಕೆ ನಂಬರು ಕೊಡಲು ಬಂದ ಪಂಚಾಯತಿನ ಓವರ್ಸಿಯರು ತಲೆಯನ್ನು ಎರಡನೇ ಮಾಳಿಗೆ ಎಂದು ಬರೆಯುವುದೋ ಬೇಡವೋ ಎಂದು ಬಿಸಿಲಲ್ಲಿ ನಿಂತು ಬೆವರಿದ್ದು ನಾನು ನೋಡಿದ್ದೇನೆ.

ದೂರದೂರದವರು ಬಂದು ಫೋಟೋ ತೆಗೆಯುತ್ತಿದ್ದರು. ನನಗೆ ಅದು ಆಗುತ್ತಿರಲಿಲ್ಲ. ಮನುಷ್ಯ ಕೂತು ಮಾತಾಡಲಿಕ್ಕೆ ಒಂದು ಪ್ರಾಣಿಯ ಹೊಟ್ಟೆಯೊಳಗೆ ಯಾಕೆ ಹೋಗಬೇಕು? ಬಾಲದ ಮೇಲೆ ಮಾತ್ರ ಕೂರುತ್ತಿದ್ದೆ. ಬಸ್ಸು ಬೇಕಲ್ಲ.

ನನ್ನ ಮಗ ಉಮೇಶ. ನಲವತ್ತು ದಾಟಿದೆ, ರಿಕ್ಷಾ ಓಡಿಸುತ್ತಾನೆ. ನವರಾತ್ರಿ ಬಂದರೆ ಅವನದು ಚಿಟ್ಟೆಹುಲಿಯ ವೇಷ. ಪಟ್ಟೆಯಲ್ಲ, ಚಿರತೆಗೆ ಇರುವ ಹಾಗೆ ಹಳದಿ ಮೈಯ ಮೇಲೆ ಕಪ್ಪು ಚುಕ್ಕೆ. ಮೈಯಿಡೀ ಪೈಂಟು, ಸೊಂಟಕ್ಕೆ ಕಟ್ಟಿದ ಬಾಲ. ಆ ಬಣ್ಣ ಸುಲಭದಲ್ಲಿ ಹೋಗುವುದಿಲ್ಲ, ಮುಟ್ಟಿದ ಕಡೆಗೆಲ್ಲ ಹತ್ತುತ್ತದೆ. ಹಾಗಾಗಿ ವೇಷ ಹಾಕಿದವರು ಮನೆಗೆ ಬರುವುದಿಲ್ಲ, ಕ್ಲಬ್ಬಿನಲ್ಲೇ ಬಿದ್ದುಕೊಳ್ಳುತ್ತಾರೆ. ಕುಡಿದದ್ದೂ ಇರುತ್ತದೆ, ಅದನ್ನು ಯಾಕೆ ಮುಚ್ಚಿಡುವುದು.

ಮರುದಿನ ಬೆಳಿಗ್ಗೆ ಅವನು ನನ್ನನ್ನು ಕಾಸರಗೋಡಿಗೆ ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು. ನನ್ನ ಎರಡು ಕಣ್ಣಿಗೂ ಪೊರೆ. ಕಾದೆ, ಬರಲಿಲ್ಲ. ಫೋನು ತೆಗೆಯುವುದಿಲ್ಲ. ನಾನೇ ಹೊರಟೆ.

ಸೊಸೆ ಸುಜಾತ ಹಿಂದಿನಿಂದ ಹೇಳಿದಳು, "ಅತ್ತೆ, ಬೆಳಕು ಬಿಡಲಿ. ಚಿರತೆ ಉಂಟಂತೆ. ಕಳೆದ ತಿಂಗಳು ಮೇಲಿನ ಮನೆಯವರ ನಾಯಿ ಹೋಯಿತು."

"ನಾಯಿಯಲ್ಲಿ ಮಾಂಸ ಉಂಟು. ನನ್ನಲ್ಲಿ ಎಂತ ಉಂಟು? ಅದಕ್ಕೆ ಹಲ್ಲುನೋವು ಬಂದೀತು" ಎಂದು ಹೇಳಿ ನಡೆದೆ.

ಪದವಿನಲ್ಲಿ ಯಾರೂ ಇರಲಿಲ್ಲ. ಊರಿಡೀ ಕುಣಿದು ಮಲಗಿತ್ತು. ಗೇಟು ತೆರೆದೇ ಇತ್ತು. ಒಳಗೆ ಹೋದೆ. ಹೊಟ್ಟೆಯಲ್ಲಿ ಮಬ್ಬು ಬೆಳಕು. ಗೋಡೆಯ ಮೊಳೆಗಳಲ್ಲಿ ಬಾಲಗಳು, ಹುಲಿಯ ಮುಖಗಳು ನೇತಾಡುತ್ತಿದ್ದವು. ಪೈಂಟಿನ ವಾಸನೆ. ಅದರ ಅಡಿಯಲ್ಲಿ ಹುಣ್ಣು ಕೊಳೆತಂಥ ಇನ್ನೊಂದು ವಾಸನೆ. ಯಾರೋ ವಾಂತಿ ಮಾಡಿರಬೇಕು ಎಂದುಕೊಂಡೆ.

ಮೆಟ್ಟಿಲಿನ ಬುಡದ ಮೂಲೆಯಲ್ಲಿ ಟಾರ್ಪಾಲಿನ ಮೇಲೆ ಚಿಟ್ಟೆಹುಲಿ ಮುದುಡಿ ಮಲಗಿತ್ತು. ನನಗೆ ಬೆನ್ನು ಹಾಕಿ, ಮುಖ ಗೋಡೆಯ ಕಡೆಗೆ. ಸೊಂಟಕ್ಕೆ ಬಾಲ ಕಟ್ಟುವ ಕಬ್ಬಿಣದ ಸರಿಗೆ ಸಹ ಬಿಚ್ಚಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಏ ಉಮೇಶ, ಏಳು ಮಾರಾಯ! ಆ ಡಾಕ್ಟರು ನಿನ್ನ ಮಾವನಾ, ಕಾದು ಕೂರಲಿಕ್ಕೆ? ವೇಷ ಹಾಕಿದರೆ ಸಾಕಾ, ಮನುಷ್ಯ ಆಗುವುದು ಬೇಡವಾ?"

ಅಲುಗಲಿಲ್ಲ. ಉಸಿರಾಡುವುದು ಮಾತ್ರ ಕಂಡಿತು. ಬಗ್ಗಿ ತೊಡೆಯ ಮೇಲೆ ಬಲವಾಗಿ ಒಂದು ಪೆಟ್ಟು ಕೊಟ್ಟೆ.

ಬಣ್ಣ ಬಳಿದ ಮೈ ಮುಟ್ಟಿದರೆ ಒಣಗಿದ ಸುಣ್ಣದ ಗೋಡೆಯ ಹಾಗೆ ಇರುತ್ತದೆ. ಚಿಕ್ಕಂದಿನಿಂದ ನೋಡಿದವಳು ನಾನು. ನನ್ನ ಕೈಗೆ ಸಿಕ್ಕಿದ್ದು ರೋಮ. ಅದರ ಅಡಿಯಲ್ಲಿ ಜ್ವರ ಬಂದವರ ಹಾಗೆ ಸುಡುವ ಮೈ. ಕೈ ಹಿಂದಕ್ಕೆ ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಹಾಗೆಯೇ ಇಟ್ಟುಕೊಂಡು ನಿಂತೆ.

ಆಗ ತಲೆಯ ಮೇಲಿನಿಂದ ಮಗನ ಸ್ವರ ಕೇಳಿತು.

"ಅಮ್ಮಾ, ಯಾರಿಗೆ ಬೈಯುವುದು ನೀವು? ನಾನು ಇಲ್ಲಿ ಮೇಲೆ ಇದ್ದೇನೆ."

ಟಾರ್ಪಾಲಿನ ಮೇಲಿದ್ದದ್ದು ನಿಧಾನ ತಲೆ ತಿರುಗಿಸಿತು. ನಿದ್ದೆಯಿಂದ ಎಬ್ಬಿಸಿದವರನ್ನು ನೋಡುವ ಹಾಗೆ ನನ್ನನ್ನು ನೋಡಿತು. ಗಂಟಲಿನಿಂದ ಒಂದು ಸದ್ದು ಬಂತು. ಕಿವಿಗಿಂತ ಮೊದಲು ಅದು ನನ್ನ ಕಾಲಿಗೆ ಗೊತ್ತಾಯಿತು. ಟೊಳ್ಳು ಹೊಟ್ಟೆ ಅಲ್ಲವಾ, ನೆಲವೆಲ್ಲ ಗುಂಯ್ ಎಂದಿತು.

"ಪಿಲಿ" ಎಂದೆ. ಹುಲಿ ಎನ್ನಲಿಕ್ಕೆ ತುಳುವೇ ಬಂತು ಬಾಯಿಗೆ.

ಉಮೇಶ ಮೇಲೆ ನಕ್ಕ. "ಮತ್ತೆ ಇಲ್ಲಿ ಪಿಲಿ ಅಲ್ಲದೆ ದನ ಇರುತ್ತದಾ? ಅದು ದಿನೇಶ. ಮಲಗಲಿ ಬಿಡಿ ಪಾಪ. ಎಷ್ಟು ಗೊರಕೆ ನೋಡಿ ಅವನದ್ದು! ಬಂದೆ, ಇಳಿದು ಬಂದೆ."

ದಿನೇಶ ಅವನ ಜೊತೆಗೆ ಕುಣಿಯುವವನು, ಅವನದೂ ಅದೇ ವೇಷ. ನಾನು ಮಾಡಿದ ತಪ್ಪನ್ನೇ ಮಗನೂ ಮಾಡುತ್ತಿದ್ದ. ಕುತ್ತಿಗೆಯ ಮೆಟ್ಟಿಲಿನಲ್ಲಿ ಅವನ ಪಾದ ಕಂಡಿತು, ಹಳದಿ ಪೈಂಟಿನ ಪಾದ. ಇನ್ನೊಂದು ಪಾದ ಕಂಡಿತು. ಇಳಿದರೆ ನೇರ ಅದರ ಮೈಮೇಲೆ ಇಳಿಯುತ್ತಾನೆ. ಕೂಗಿದರೆ ಅದು ನನ್ನ ಮೇಲೆ ಹಾರುತ್ತದೆ. ಇವನಿಗೆ ಹೇಗೆ ತಿಳಿಸುವುದು?

"ಉಮೇಶ," ಎಂದೆ, ಮೆಲ್ಲಗೆ, "ಇದಕ್ಕೆ ಬಣ್ಣ ಇಲ್ಲ."

ಪಾದ ನಿಂತಿತು.

"ಎಂತ?"

"ಮುಟ್ಟಿದ್ದೇನೆ. ಬಣ್ಣ ಇಲ್ಲ. ರೋಮ."

ಅವನು ಉಸಿರು ಒಳಗೆ ಎಳೆದದ್ದು ನನಗೆ ಕೇಳಿತು. ಪಾದಗಳು ಒಂದೊಂದಾಗಿ ಮೇಲೆ ಹೋದವು. ನಾನು ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಚಿರತೆ ಎದ್ದಿತು. ಹಿಂದಿನ ಕಾಲು ನಿಲ್ಲಲಿಲ್ಲ, ಕುಸಿಯಿತು, ಪುನಃ ಎದ್ದಿತು. ಬಾಲದ ಸರಿಗೆ ಎಂದು ನಾನು ತಿಳಿದದ್ದು ಅದರ ಹೊಟ್ಟೆಯ ಸುತ್ತ ಮಾಂಸಕ್ಕೆ ಇಳಿದಿತ್ತು. ತುದಿ ಸಿಮೆಂಟಿನ ಮೇಲೆ ಕಿರಕಿರ ಎಂದು ಎಳೆಯುತ್ತಿತ್ತು. ಹಂದಿಗೆ ಇಡುವ ಉರುಳು. ಬೆನ್ನಿಗೆ ಗಾಳಿ ತಾಗಿತು, ಹೊರಗೆ ಬಂದಿದ್ದೆ. ಗೇಟು ಎಳೆದೆ, ಚಿಲಕ ಹಾಕಿದೆ. ಅದು ಗ್ರಿಲ್ಸಿಗೆ ಬಂದು ಹೊಡೆದ ಪೆಟ್ಟಿಗೆ ನಾನು ಹಿಂದಕ್ಕೆ ಬಿದ್ದೆ.

ಮೇಲೆ ನೋಡಿದರೆ ಹುಲಿಯ ಬಾಯಿಯಲ್ಲಿ ನನ್ನ ಮಗ. ಮುಖದ ಅರ್ಧ ಬಣ್ಣ ಕದಡಿತ್ತು.

"ಅಮ್ಮಾ! ಗೇಟು ಎಂತಕ್ಕೆ ಹಾಕಿದ್ದು? ನಾನು ಒಳಗೆ!"

"ಹಾರು."

"ಎಷ್ಟು ಎತ್ತರ ಉಂಟು ನೋಡಿ! ಕೆಳಗೆ ಕಲ್ಲು! ಗೇಟು ತೆಗೆಯಿರಿ, ಅದು ಹೋಗಲಿ!"

"ತೆಗೆಯುವುದಿಲ್ಲ. ಹಾರು."

"ಕಾಲು ಮುರಿಯುತ್ತದೆ ಅಮ್ಮಾ!"

"ನಿನ್ನೆ ಊರಿಡೀ ನೋಡುವಾಗ ಲಾಗ ಹಾಕಿದ್ದೀಯಲ್ಲ, ಚಪ್ಪಾಳೆ ತಟ್ಟಿದರಲ್ಲ! ಈಗ ಹಾಕು! ಮುರಿದ ಕಾಲು ನಾನು ನೋಡಿಕೊಳ್ಳುತ್ತೇನೆ!"

ಒಳಗಿನಿಂದ ಮೆಟ್ಟಿಲಿನ ಮೇಲೆ ಉಗುರು ಕೆರೆಯುವ ಸದ್ದು ಬಂತು. ಅವನಿಗೂ ಕೇಳಿತು. ಮತ್ತೆ ನಾನು ಹೇಳಬೇಕಾಗಲಿಲ್ಲ. ಹಲ್ಲುಗಳ ನಡುವಿನಿಂದ ಮೈ ನುಸುಳಿಸಿ, ಕೆಳಗಿನ ಕೋರೆಹಲ್ಲು ಹಿಡಿದು ನೇತಾಡಿದ. ಹಲ್ಲು ಬುಡದಿಂದ ಕಿತ್ತುಬಂತು. ಮಗ, ಸಿಮೆಂಟಿನ ಹಲ್ಲು ಎರಡೂ ಒಟ್ಟಿಗೆ ಕೆಳಗೆ ಬಿದ್ದವು. ಕಾಲಿನ ಎಲುಬು ಮುರಿದದ್ದು ನನಗೆ ಕೇಳಿತು, ತೆಂಗಿನ ಮಡಲಿನ ಒಣ ಕೊತ್ತಳಿಗೆ ಮುರಿದ ಹಾಗೆ.

ಅವನನ್ನು ಎಳೆದುಕೊಂಡು ಬಾಲದ ಕಟ್ಟೆಯ ಹಿಂದೆ ಹೋಗಿ ತಲೆ ಎತ್ತಿದೆ. ಆಗ ನಾನು ಕಂಡದ್ದನ್ನು ಮತ್ತೆ ಸೇರಿದ ಜನರೂ ಕಂಡಿದ್ದಾರೆ, ಮೊಬೈಲುಗಳಲ್ಲಿ ಎಲ್ಲ ಕಡೆಗೂ ಹೋಗಿದೆ. ಆ ದೊಡ್ಡ ಬಾಯಿಯ ಒಳಗೆ, ಮುರಿದ ಹಲ್ಲಿನ ಜಾಗದಲ್ಲಿ, ಜೀವದ ಚಿರತೆಯ ಮುಖ ಇತ್ತು. ನಮ್ಮನ್ನು ನೋಡಿತು. ಆಮೇಲೆ ಉಮೇಶ ಆಗಷ್ಟೇ ಎದ್ದುಹೋದ ಚಾಪೆಯ ಮೇಲೆ ಮಲಗಿತು. ಸಿಮೆಂಟು ಹುಲಿ ಬಾಯಿಯೊಳಗೆ ಚಿರತೆ ಇಟ್ಟುಕೊಂಡು ಬಿಸಿಲೇರುವ ತನಕ ಪದವಿನಲ್ಲಿ ಕೂತಿತ್ತು. ಯಾರೂ ಹತ್ತಿರ ಹೋಗಲಿಲ್ಲ. ಆ ದಿನೇಶ ರಾತ್ರಿಯೇ ಅತ್ತೆ ಮನೆಗೆ ಹೋಗಿದ್ದನಂತೆ, ಸುದ್ದಿ ಕೇಳಿ ಅವನೂ ಬಣ್ಣದಲ್ಲೇ ಓಡಿ ಬಂದ. ಅವನನ್ನು ಕಂಡು ಇಬ್ಬರು ಹೆಂಗಸರು ಕಿರುಚಿ ಓಡಿದರು.

ಫಾರೆಸ್ಟಿನವರು ಬಂದು, ಏಣಿ ಇಟ್ಟು, ಬಾಯಿಯೊಳಗೆ ಮದ್ದಿನ ಸೂಜಿ ಹೊಡೆದು ಅದನ್ನು ಇಳಿಸಿದರು. ಅವರ ಡಾಕ್ಟರು ಸರಿಗೆ ಕತ್ತರಿಸುತ್ತಾ ಮಲಯಾಳದಲ್ಲಿ ಹೇಳಿದರು, ಇದು ಅನ್ನನೀರು ಕಾಣದೆ ಎಷ್ಟೋ ದಿನ ಆಗಿದೆ, ಗಟ್ಟಿ ಇದ್ದಿದ್ದರೆ ಅಮ್ಮ ಈಗ ಮಾತಾಡುತ್ತಿರಲಿಲ್ಲ ಎಂದು. ಗೂಡಿನಲ್ಲಿ ಹಾಕಿ ಕೊಂಡುಹೋದರು. ಬದುಕಿತು ಎನ್ನುತ್ತಾರೆ ಕೆಲವರು, ದಾರಿಯಲ್ಲೇ ಸತ್ತಿತು ಎನ್ನುತ್ತಾರೆ ಇನ್ನು ಕೆಲವರು. ಉರುಳು ಇಟ್ಟವರು ಯಾರೆಂದು ಗೊತ್ತಾಗಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಉಮೇಶನನ್ನು ಬಣ್ಣದ ಮೈಯಲ್ಲೇ ಆಸ್ಪತ್ರೆಗೆ ಸಾಗಿಸಿದೆವು. ಎಕ್ಸ್‌ರೇ ತೆಗೆಯುವ ಹುಡುಗಿ ಬಾಗಿಲಿನಲ್ಲೇ ನಿಂತು, "ಇದು ಎಂತ ಕೇಸು?" ಎಂದಳು. ಚುಕ್ಕೆಗಳ ಮೇಲೆಯೇ ಪ್ಲಾಸ್ಟರು ಹಾಕಿದರು. ನನ್ನ ಕಣ್ಣಿನ ಡಾಕ್ಟರು ಆ ತಿಂಗಳು ಸಿಗಲೇ ಇಲ್ಲ.

ಆಮೇಲೆ ನನಗೆ ದೊಡ್ಡ ಹೆಸರು ಬಂತು. ಕ್ಲಬ್ಬಿನವರು ಶಾಲು ಹೊದೆಸಿದರು. ಪಂಚಾಯತು ಮೆಂಬರು ಮೈಕಿನಲ್ಲಿ, ಈ ಅಮ್ಮ ಗೇಟು ಹಾಕಿ ಊರು ಉಳಿಸಿದರು, ಅದು ಹೊರಗೆ ಬಂದಿದ್ದರೆ ಎಷ್ಟು ಜನ ಸಾಯುತ್ತಿದ್ದರೋ ಎಂದರು. ನಾನು ಶಾಲು ತೆಗೆದುಕೊಂಡು ಮನೆಗೆ ಬಂದೆ. ಆ ಹೊತ್ತಿಗೆ ಪದವಿನಲ್ಲಿ ಜನ ಎಲ್ಲಿದ್ದರು? ಬಾಲದ ಮೇಲೆ ಒಬ್ಬನೂ ಇರಲಿಲ್ಲ. ಹೊರಗೆ ಇದ್ದದ್ದು ನಾನೊಬ್ಬಳೇ.

ಉಮೇಶ ಎರಡು ತಿಂಗಳು ಮನೆಯಲ್ಲೇ ಇದ್ದ. ಬರುವವರ ಎದುರು, "ನಮ್ಮ ಅಮ್ಮ ನನ್ನನ್ನು ಪಿಲಿಗೆ ಒಪ್ಪಿಸಿ ಚಿಲಕ ಹಾಕಿದವರು" ಎಂದು ನಗಿಸುತ್ತಿದ್ದ. ಸುಜಾತ ನಗುತ್ತಿರಲಿಲ್ಲ. ನನ್ನ ಹತ್ತಿರ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅವಳದು ತಪ್ಪು ಎಂದು ನನಗೆ ಅನಿಸಲಿಲ್ಲ.

ಒಂದು ದಿನ ಗಂಜಿ ಉಣ್ಣುವಾಗ, ಹೊರಗಿನವರು ಯಾರೂ ಇಲ್ಲದಾಗ, ಅವನು ನಗದೆ ಕೇಳಿದ.

"ಅಮ್ಮಾ, ಗೇಟು ಹಾಕುವಾಗ ನಾನು ಮೇಲೆ ಇದ್ದದ್ದು ನಿಮಗೆ ನೆನಪಿತ್ತಾ?"

ಒಲೆಯ ಹತ್ತಿರ ಸುಜಾತಳ ಸೌಟು ನಿಂತಿತು. ಹೆದರಿಕೆಯಲ್ಲಿ ಮರೆತುಹೋಯಿತು ಎಂದರೆ ಆಗುತ್ತಿತ್ತು. ಮೂವರಿಗೂ ಸುಲಭ ಆಗುತ್ತಿತ್ತು.

"ಇತ್ತು" ಎಂದೆ.

"ಉಪ್ಪಿನಕಾಯಿ ಕೊಡಿ" ಎಂದ. ಕೊಟ್ಟೆ.

ಅವನು ಈಗ ನೆಟ್ಟಗೆ ನಡೆಯುತ್ತಾನೆ, ರಿಕ್ಷಾ ಓಡಿಸುತ್ತಾನೆ, ನನ್ನ ಕಣ್ಣಿನ ಆಪರೇಷನ್ನಿಗೂ ಅವನೇ ಕರೆದುಕೊಂಡು ಹೋದ. ಪುನಃ ಆ ಮಾತು ಎತ್ತಲಿಲ್ಲ. ಚಿರತೆಯನ್ನು ಮುಟ್ಟಿದಾಗ ಹೇಗೆ ಆಯಿತು ಎಂದು ಜನ ಈಗಲೂ ಕೇಳುತ್ತಾರೆ, ಹೇಳುತ್ತೇನೆ. ಚಿಲಕ ಹಾಕಿದಾಗ ಹೇಗೆ ಆಯಿತು ಎಂದು ಯಾರೂ ಕೇಳುವುದಿಲ್ಲ. ಮುಟ್ಟಿದಾಗ ಕೈ ಹಿಂದಕ್ಕೆ ತೆಗೆಯಲಿಕ್ಕೂ ಹೊಳೆದಿರಲಿಲ್ಲ. ಚಿಲಕ ಹಾಕುವಾಗ ಕೈ ಸ್ವಲ್ಪವೂ ತಡೆಯಲಿಲ್ಲ. ನನ್ನದು ಅಷ್ಟು ಗಟ್ಟಿ ಕೈ ಎಂದು ಈ ಪ್ರಾಯದ ತನಕ ನನಗೆ ಗೊತ್ತಿರಲಿಲ್ಲ.